ಎಪಿಗಳಿಂದ ಡಿಎನ್ಎಸ್ ಕ್ವೆರಿ ವಿಪರೀತ ಬರುತ್ತಿದ್ದರೆ: ಮೂಲ ಹುಡುಕುವ ಕ್ರಮ

ಡಿಎನ್ಎಸ್ ಸರ್ವರಿನ, ಅಂದರೆ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸರ್ವರಿನ ಲಾಗ್ ತೆರೆದಿದ್ದೀರಿ. ಅತಿ ಹೆಚ್ಚು ಕ್ವೆರಿ (ಪ್ರಶ್ನೆ) ಕಳಿಸಿದ ಸಾಧನಗಳ ಪಟ್ಟಿಯಲ್ಲಿ ಮೊದಲ ಸಾಲುಗಳಲ್ಲಿ ಯಾರ ಲ್ಯಾಪ್‌ಟಾಪೂ ಇಲ್ಲ, ಫೋನೂ ಇಲ್ಲ. ಇರುವುದೆಲ್ಲ ಸೀಲಿಂಗಿಗೆ ಹಾಕಿದ ವೈಫೈ ಆಕ್ಸೆಸ್ ಪಾಯಿಂಟ್‌ಗಳು, ಅಂದರೆ ಎಪಿಗಳು. ಒಂದೊಂದು ಎಪಿಯೂ ದಿನಕ್ಕೆ ಲಕ್ಷಕ್ಕೂ ಜಾಸ್ತಿ ಸಲ ಏನನ್ನೋ ಕೇಳುತ್ತಿದೆ. ವೈಫೈ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಯಾರಿಂದಲೂ ದೂರು ಬಂದಿಲ್ಲ.

ದೂರು ಬಂದಿಲ್ಲ ಅಂತ ಸುಮ್ನೆ ಬಿಡಬೇಡಿ. ಡಿಎನ್ಎಸ್ ಪ್ಯಾಕೆಟ್ ಚಿಕ್ಕದು, ಬ್ಯಾಂಡ್‌ವಿಡ್ತ್ ಗ್ರಾಫ್‌ನಲ್ಲಿ ಅದು ಕಾಣುವುದೇ ಇಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಎಪಿ ಒಂದು ವಿಲ್ಯಾನ್‌ನಲ್ಲಿ (ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಒಂದು ಭಾಗ), ಡಿಎನ್ಎಸ್ ಸರ್ವರ್ ಇನ್ನೊಂದರಲ್ಲಿ ಇದ್ದರೆ ನಡುವೆ ಫೈರ್‌ವಾಲ್ ಇರುತ್ತದೆ. ಲಿನಕ್ಸ್ ಫೈರ್‌ವಾಲ್ ಪ್ರತಿ ಹೊಸ ಯುಡಿಪಿ ಸಂಪರ್ಕವನ್ನು (ಡಿಎನ್ಎಸ್ ಕ್ವೆರಿ ಸಾಮಾನ್ಯವಾಗಿ ಹೋಗುವುದು ಯುಡಿಪಿಯಲ್ಲೇ) ಸಾಮಾನ್ಯವಾಗಿ 30 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ 1,000 ಕ್ವೆರಿ ಬೇರೆ ಬೇರೆ ಸೋರ್ಸ್ ಪೋರ್ಟ್‌ನಿಂದ ಬಂದರೆ ಯಾವಾಗಲೂ 30,000 ಎಂಟ್ರಿ ಅದರ ಟೇಬಲ್‌ನಲ್ಲಿ ಕೂತಿರುತ್ತವೆ. ಟೇಬಲ್ ತುಂಬಿದ ದಿನ ವೆಬ್, ಕಾಲ್, ಪ್ರಿಂಟ್ ಎಲ್ಲದರ ಹೊಸ ಸಂಪರ್ಕವೂ ನಿಲ್ಲುತ್ತದೆ. ಆಗ ಯಾರೂ ಎಪಿ ಕಡೆ ಬೆರಳು ತೋರಿಸುವುದಿಲ್ಲ. ಇಂಟರ್ನೆಟ್ ಹೋಗಿದೆ ಅಂತಲೇ ಎಲ್ಲರೂ ಹೇಳುವುದು.

ಹುಡುಕಾಟ ಶುರು ಮಾಡುವ ಮೊದಲು ಒಂದು ಮಾತು. ಹೆಚ್ಚಿನವರು ಕ್ವೆರಿಗಳನ್ನು ಎಣಿಸುತ್ತಾರೆ, ಯಾವ ಹೆಸರು ಎಂದು ನೋಡುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಉತ್ತರ ಸಿಗುವುದು ರಿಪ್ಲೈ ನೋಡಿದಾಗ. ಒಂದು ಯಂತ್ರ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದೆ ಅಂದರೆ ಬೇಕಾದ ಉತ್ತರ ಅದಕ್ಕೆ ಸಿಕ್ಕಿಲ್ಲ. ಇಲ್ಲವೇ ಸಿಕ್ಕಿದ್ದನ್ನು ಇಟ್ಟುಕೊಳ್ಳಲು ಅದಕ್ಕೆ ಜಾಗ ಇಲ್ಲ. ಅದೂ ಅಲ್ಲದಿದ್ದರೆ, ಉತ್ತರ ಹಿಡಿದುಕೊಂಡು ಮುಂದೆ ಹೋದಾಗ ಅಲ್ಲಿ ಬಾಗಿಲು ಮುಚ್ಚಿದೆ. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಪ್ರಶ್ನೆ: ಕೇಳುತ್ತಿರುವುದು ಎಪಿಯೋ, ಅದರ ಹಿಂದಿನ ಫೋನ್‌ಗಳೋ?

ಎಪಿ ಬ್ರಿಡ್ಜ್ ಮೋಡ್‌ನಲ್ಲಿದ್ದರೆ ಪ್ರತಿ ಫೋನಿಗೂ ತನ್ನದೇ ಐಪಿ ಇರುತ್ತದೆ. ಆಗ ಲಾಗ್‌ನಲ್ಲಿ ಎಪಿಯ ಐಪಿ ಕಂಡರೆ ಕ್ವೆರಿ ಎಪಿಯದೇ. ಆದರೆ ಗೆಸ್ಟ್ ವೈಫೈಗೆ ಎಷ್ಟೋ ಕಡೆ ನ್ಯಾಟ್ ಮೋಡ್ ಹಾಕಿರುತ್ತಾರೆ. ಅಲ್ಲಿ 60 ಜನರ ಫೋನ್ ಕೇಳಿದ್ದೆಲ್ಲ ಎಪಿಯ ಒಂದೇ ಐಪಿಯಿಂದ ಬರುತ್ತದೆ. ಇನ್ನು ಕೆಲವು ಎಪಿಗಳು ತಾವೇ ಡಿಎನ್ಎಸ್ ಪ್ರಾಕ್ಸಿ ಆಗಿ ನಿಂತು ಫೋನ್‌ಗಳ ಪರವಾಗಿ ಕೇಳುತ್ತವೆ. ಈ ಎರಡರಲ್ಲೂ ಎಪಿ ಬರೀ ನಡುವೆ ನಿಂತಿರುವ ಸಾಧನ. ಸುಮ್ನೆ ಅದನ್ನು ಬೈದು ಫಲವಿಲ್ಲ.

ಬೇರ್ಪಡಿಸುವ ಸುಲಭ ದಾರಿ, 24 ಗಂಟೆಯ ಗ್ರಾಫ್ ನೋಡುವುದು. ಜನರ ಕ್ವೆರಿ ಜನರ ದಿನಚರಿಯಂತೆಯೇ ಏರಿಳಿಯುತ್ತದೆ. ಬೆಳಿಗ್ಗೆ ಏರುತ್ತದೆ, ರಾತ್ರಿ ಇಳಿಯುತ್ತದೆ. ಎಪಿಯ ಸ್ವಂತ ಕ್ವೆರಿ ಸಪಾಟು ಗೆರೆ. ರಾತ್ರಿ ಮೂರು ಗಂಟೆಗೂ ಮಧ್ಯಾಹ್ನ ಮೂರಕ್ಕೂ ಒಂದೇ ಎತ್ತರ. ಗೆರೆ ಸಪಾಟಾಗಿದ್ದರೆ ನಾನು ಬೇರೆ ಪರೀಕ್ಷೆಗೆ ಹೋಗುವುದೇ ಇಲ್ಲ, ನೇರ ಎಪಿಯನ್ನೇ ಹಿಡಿಯುತ್ತೇನೆ.

ಗ್ರಾಫ್ ಇಲ್ಲ ಅಂತಾದರೆ ಒಂದು ಎಪಿಯಲ್ಲಿ ಹತ್ತು ನಿಮಿಷ ಎಲ್ಲ ಎಸ್ಎಸ್ಐಡಿಗಳನ್ನೂ (ವೈಫೈ ಹೆಸರುಗಳನ್ನೂ) ಆಫ್ ಮಾಡಿ. ಕ್ಲೈಂಟ್ ಒಂದೂ ಇಲ್ಲದಾಗಲೂ ಕ್ವೆರಿ ಅದೇ ವೇಗದಲ್ಲಿ ಬಂದರೆ ಸಂಶಯವೇ ಬೇಡ.

ಇನ್ನೂ ಒಂದು ಗುರುತು ಇದೆ, ಅದು ನನಗೆ ಬಹಳ ಇಷ್ಟ. ಎಪಿ ಮತ್ತು ಮೊದಲ ರೌಟರ್ ನಡುವೆ ಪ್ಯಾಕೆಟ್ ಹಿಡಿದು ಐಪಿ ಹೆಡರ್‌ನಲ್ಲಿರುವ ಟಿಟಿಎಲ್ ನೋಡಿ, ಅಂದರೆ ಪ್ಯಾಕೆಟ್ ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಅಂಕಿ. ಲಿನಕ್ಸ್ ಮೇಲೆ ಓಡುವ ಎಪಿ ತಾನೇ ಕಳಿಸಿದ ಪ್ಯಾಕೆಟ್‌ನಲ್ಲಿ 64 ಇರುತ್ತದೆ. ನ್ಯಾಟ್ ದಾಟಿ ಬಂದ ಫೋನಿನ ಪ್ಯಾಕೆಟ್‌ನಲ್ಲಿ ಒಂದು ಕಡಿಮೆಯಾಗಿ 63, ವಿಂಡೋಸ್ ಲ್ಯಾಪ್‌ಟಾಪ್‌ನದಾದರೆ 127. ಒಂದೇ ಐಪಿಯಿಂದ 64, 63, 127 ಮೂರೂ ಬರುತ್ತಿದ್ದರೆ ಒಳಗೆ ಯಾರು ಯಾರಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಪ್ರಾಕ್ಸಿ ಇರುವ ಎಪಿಯಲ್ಲಿ ಮಾತ್ರ ಈ ಗುರುತು ಉಪಯೋಗಕ್ಕೆ ಬರುವುದಿಲ್ಲ. ಪ್ರಾಕ್ಸಿ ಎಲ್ಲವನ್ನೂ ಹೊಸದಾಗಿ ಬರೆದು ಕಳಿಸುತ್ತದೆ, ಹಾಗಾಗಿ ಎಲ್ಲದರಲ್ಲೂ 64 ಇರುತ್ತದೆ.

ಕ್ಯಾಪ್ಚರ್ ಹಿಡಿಯುವುದು

ಸರ್ವರಿನ ಲಾಗ್ ಮಾತ್ರ ನಂಬಿಕೊಂಡು ಕೂರಬೇಡಿ. ಬಹಳಷ್ಟು ಲಾಗ್‌ಗಳು ಪ್ರಶ್ನೆಯನ್ನಷ್ಟೇ ಬರೆದಿಡುತ್ತವೆ, ಉತ್ತರವನ್ನಲ್ಲ. ಸರ್ವರ್‌ಗೆ ತಲುಪದ ಕ್ವೆರಿಯಂತೂ ಅಲ್ಲಿ ಇರುವುದೇ ಇಲ್ಲ. ಒಂದು ಎಪಿ ಆರಿಸಿಕೊಳ್ಳಿ. ಅದರ ಸ್ವಿಚ್ ಪೋರ್ಟನ್ನು ಮಿರರ್ ಮಾಡಿ, ಅಂದರೆ ಅಲ್ಲಿ ಓಡಾಡುವ ಪ್ಯಾಕೆಟ್‌ಗಳ ನಕಲು ನಿಮ್ಮ ಕಂಪ್ಯೂಟರಿಗೆ ಬರುವಂತೆ ಮಾಡಿ. ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್‌ನಲ್ಲಿ ಆ ಎಪಿಯ ಐಪಿಯ ಎಲ್ಲ ಪ್ಯಾಕೆಟ್‌ಗಳನ್ನೂ ಹತ್ತು ನಿಮಿಷ ಹಿಡಿಯಿರಿ. ಡಿಎನ್ಎಸ್ ಓಡಾಡುವ ಪೋರ್ಟ್ 53 ಅಂತ ಮೊದಲೇ ಫಿಲ್ಟರ್ ಹಾಕಬೇಡಿ. ಡಿಎನ್ಎಸ್ ಉತ್ತರ ಬಂದ ತಕ್ಷಣ ಎಪಿ ಏನು ಮಾಡುತ್ತದೆ ಎಂಬುದೂ ಬೇಕು, ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಫಿಲ್ಟರ್ ಆಮೇಲೆ ಹಾಕಿದರಾಯಿತು.

5353 ಪೋರ್ಟ್‌ನಲ್ಲಿ 224.0.0.251ಕ್ಕೆ ಹೋಗುವ ಪ್ಯಾಕೆಟ್‌ಗಳನ್ನು ಇದರಲ್ಲಿ ಸೇರಿಸಬೇಡಿ. ಅದು ಎಂಡಿಎನ್ಎಸ್, ಪ್ರಿಂಟರ್, ಟಿವಿ ಹುಡುಕುವ ಮಲ್ಟಿಕಾಸ್ಟ್. ಅದರ ಕಥೆಯೇ ಬೇರೆ.

ಈಗ ಮೂರು ಕಾಲಂ ಮಾಡಿಕೊಳ್ಳಿ. ಯಾವ ಹೆಸರು, ಯಾವ ಉತ್ತರ, ಎಷ್ಟು ಸೆಕೆಂಡಿಗೊಮ್ಮೆ. ಸರಿಯಾಗಿ 1 ಸೆಕೆಂಡ್, 5 ಸೆಕೆಂಡ್, 30 ಸೆಕೆಂಡ್ ಅಂತ ಗಡಿಯಾರ ಹೊಡೆದಂತೆ ಬರುತ್ತಿದ್ದರೆ ಒಂದೇ ಪ್ರೋಗ್ರಾಂ ಲೂಪ್‌ನಲ್ಲಿ ಸಿಕ್ಕಿಕೊಂಡಿದೆ. 5 ಸೆಕೆಂಡ್ ಅಂತರ ಕಂಡರೆ ನಾನು ಮೊದಲು ಉತ್ತರ ಬರುತ್ತಿದೆಯಾ ಅಂತ ನೋಡುತ್ತೇನೆ. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ರಿಸಾಲ್ವರ್ (ಹೆಸರಿಗೆ ಐಪಿ ಹುಡುಕುವ ಭಾಗ) ಉತ್ತರಕ್ಕೆ ಕಾಯುವ ಸಮಯ ಡಿಫಾಲ್ಟ್ ಆಗಿ 5 ಸೆಕೆಂಡ್.

ಉತ್ತರಗಳನ್ನು ಓದುವುದು

ಉತ್ತರವೇ ಇಲ್ಲದಿದ್ದರೆ ದಾರಿ ಕಟ್ಟಾಗಿದೆ. ಎಪಿಗೆ ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ಐಪಿ ಮತ್ತು ನೆಟ್‌ವರ್ಕ್ ವಿವರ ತಾನಾಗಿ ಹಂಚುವ ಸೇವೆ) ಕೊಟ್ಟ ಡಿಎನ್ಎಸ್ ವಿಳಾಸ ಹಳೆಯದಿರಬಹುದು. ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಿಂದ ಪೋರ್ಟ್ 53 ತೆರೆಯಲು ಯಾರೋ ಮರೆತಿರಬಹುದು. ಇನ್ನೊಂದು ಕಾರಣ ಬೇಗ ಕಣ್ಣಿಗೆ ಬೀಳುವುದಿಲ್ಲ. ಸರ್ವರ್‌ಗೆ ಎರಡು ಐಪಿ ಇದ್ದು, ಪ್ರಶ್ನೆ ಒಂದಕ್ಕೆ ಹೋಗಿ ಉತ್ತರ ಇನ್ನೊಂದರಿಂದ ಬಂದರೆ ಎಪಿ ಅದನ್ನು ಎತ್ತಿ ಬಿಸಾಡುತ್ತದೆ. ಯಾರನ್ನು ಕೇಳಿದೆವೋ ಅವರೇ ಉತ್ತರ ಕೊಡಬೇಕು ತಾನೇ. ಕ್ಯಾಪ್ಚರ್‌ನಲ್ಲಿ ಉತ್ತರ ಬಂದಂತೆ ಕಾಣುತ್ತದೆ, ಐಪಿಯ ಕೊನೆಯ ಅಂಕಿಯನ್ನು ಗಮನವಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಎನ್ಎಕ್ಸ್‌ಡೊಮೇನ್ ಅಂದರೆ ಆ ಹೆಸರೇ ಇಲ್ಲ. ಎಪಿಗಳಲ್ಲಿ ಇದು ತೀರಾ ಸಾಮಾನ್ಯ, ಕಾರಣ ಕಂಟ್ರೋಲರ್ ಹುಡುಕಾಟ. ಎಪಿ ಎದ್ದ ಕೂಡಲೇ ತನ್ನ ಕಂಟ್ರೋಲರ್ (ಎಲ್ಲ ಎಪಿಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ಸರ್ವರ್) ಎಲ್ಲಿದೆ ಎಂದು ಒಂದು ಗೊತ್ತಾದ ಹೆಸರನ್ನು ಕೇಳುತ್ತದೆ. ಯೂನಿಫೈ ಎಪಿಗಳು ಯೂನಿಫೈ ಎಂಬ ಹೆಸರನ್ನೇ ಕೇಳುತ್ತವೆ. ಸಿಸ್ಕೋದ ಲೈಟ್‌ವೇಟ್ ಎಪಿಗಳು ಸಿಸ್ಕೋ-ಕ್ಯಾಪ್‌ವ್ಯಾಪ್-ಕಂಟ್ರೋಲರ್ ಎಂಬುದಕ್ಕೆ ಡಿಎಚ್‌ಸಿಪಿಯಿಂದ ಬಂದ ಡೊಮೇನ್ ಹೆಸರು ಅಂಟಿಸಿ ಕೇಳುತ್ತವೆ. ಡಿಎಚ್‌ಸಿಪಿ ಆಪ್ಷನ್ 43ರಲ್ಲಿ ಕಂಟ್ರೋಲರ್ ಐಪಿ ಕೊಡುವ ದಾರಿಯೂ ಇದೆ. ಕಂಟ್ರೋಲರ್ ಸಿಗದ ಎಪಿ ಬಿಡದೆ ಹುಡುಕುತ್ತಲೇ ಇರುತ್ತದೆ. ಹಳೆಯ ಕಂಟ್ರೋಲರ್ ತೆಗೆದು ಕ್ಲೌಡ್‌ಗೆ ಹೋದ ಮೇಲೆ, ಎಲ್ಲೋ ಮೂಲೆಯಲ್ಲಿ ಮರೆತುಹೋದ ಎಪಿಯೊಂದು ಹಳೆಯ ಹೆಸರನ್ನೇ ಕರೆಯುತ್ತಿರುವುದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆಪ್ಷನ್ 15ರಲ್ಲಿ ಡೊಮೇನ್ ಹೆಸರು ಬದಲಾಯಿಸಿದ್ದೀರಾ ಎಂದೂ ನೋಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೂ ಎಲ್ಲ ಎಪಿಗಳೂ ಇಲ್ಲದ ಹೆಸರನ್ನೇ ಕೇಳುತ್ತವೆ.

ಸರ್ವ್‌ಫೇಲ್ ಬಂದರೆ ನಿಮ್ಮ ರಿಸಾಲ್ವರ್‌ಗೆ ಹೆಸರು ಬಿಡಿಸಲು, ಅಂದರೆ ಅದರ ಐಪಿ ಪತ್ತೆ ಮಾಡಲು ಆಗಿಲ್ಲ. ಇಲ್ಲೊಂದು ವಿಚಿತ್ರ ಸುತ್ತು ಇದೆ. ಎಷ್ಟೋ ಎಪಿಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಹಳೆಯ ತಾರೀಖಿನಲ್ಲಿ, ಕೆಲವೊಮ್ಮೆ 1970ರಲ್ಲೇ ಎದ್ದು ಕೂರುತ್ತವೆ. ಎಪಿಯೇ ಡಿಎನ್ಎಸ್‌ಸೆಕ್ ಪರೀಕ್ಷೆ (ಉತ್ತರದ ಡಿಜಿಟಲ್ ಸಹಿ ಸರಿಯಿದೆಯೇ ಎಂದು ನೋಡುವುದು) ಮಾಡುವಂತಿದ್ದರೆ ಆ ತಾರೀಖಿನಲ್ಲಿ ಯಾವ ಸಹಿಯೂ ಹೊಂದುವುದಿಲ್ಲ. ಸಮಯ ಸರಿಮಾಡಲು ಎನ್‌ಟಿಪಿ ಸರ್ವರ್ ಬೇಕು, ಎನ್‌ಟಿಪಿ ಸರ್ವರ್ ಹೆಸರು ಬಿಡಿಸಲು ಸಮಯ ಸರಿಯಿರಬೇಕು. ಎಪಿ ಎರಡರ ನಡುವೆ ಸುತ್ತುತ್ತಲೇ ಇರುತ್ತದೆ. ಡಿಎನ್ಎಸ್‌ಮಾಸ್ಕ್ ಎಂಬ ಚಿಕ್ಕ ಡಿಎನ್ಎಸ್ ಪ್ರೋಗ್ರಾಂನಲ್ಲಿ ಇದಕ್ಕೆಂದೇ, ಗಡಿಯಾರ ಸರಿಯಾಗುವವರೆಗೆ ಸಹಿಯ ತಾರೀಖು ನೋಡದೆ ಬಿಡುವ ಆಯ್ಕೆ ಇದೆ. ಅದಕ್ಕಿಂತ ಸುಲಭದ ದಾರಿ, ಡಿಎಚ್‌ಸಿಪಿ ಆಪ್ಷನ್ 42ರಲ್ಲಿ ಎನ್‌ಟಿಪಿ ಸರ್ವರಿನ ಐಪಿಯನ್ನೇ ಕೊಡುವುದು. ಎಪಿ ಆ ಆಪ್ಷನ್ ಓದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ರೆಫ್ಯೂಸ್ಡ್ ಬಂದರೆ ಸರ್ವರ್ ಬೇಕೆಂದೇ ನಿರಾಕರಿಸುತ್ತಿದೆ. ಎಪಿಗಳ ಸಬ್‌ನೆಟ್ ಅನುಮತಿಯ ಪಟ್ಟಿಯಲ್ಲಿ ಇಲ್ಲದಿರಬಹುದು. ಇಲ್ಲವೇ ರೇಟ್ ಲಿಮಿಟ್. ಪೈ-ಹೋಲ್ (ಜಾಹೀರಾತು ತಡೆಯುವ ಡಿಎನ್ಎಸ್ ಸರ್ವರ್) ಬಳಸುವವರು ಇದನ್ನು ತಪ್ಪದೆ ನೋಡಿ. ಅದು ಡಿಫಾಲ್ಟ್ ಆಗಿ ಒಂದು ಕ್ಲೈಂಟ್‌ಗೆ 60 ಸೆಕೆಂಡಿಗೆ 1,000 ಕ್ವೆರಿ ಮಾತ್ರ ಬಿಡುತ್ತದೆ. ನ್ಯಾಟ್ ಎಪಿಯ ಹಿಂದೆ 60 ಫೋನ್ ಇದ್ದರೂ ಪೈ-ಹೋಲ್ ಕಣ್ಣಿಗೆ ಅದು ಒಂದೇ ಕ್ಲೈಂಟ್. ಮಿತಿ ದಾಟಿತು, ರೆಫ್ಯೂಸ್ಡ್ ಬಂತು, ಫೋನ್‌ಗಳು ಮತ್ತೆ ಕೇಳಿದವು, ಲೆಕ್ಕ ಇನ್ನೂ ಏರಿತು.

ಇನ್ನು ಉಳಿದದ್ದು ನೋಎರರ್. ಉತ್ತರ ಸರಿಯಾಗಿಯೇ ಬಂದಿದೆ, ಐಪಿ ಇದೆ, ಆದರೂ ಎಪಿ ಮತ್ತೆ ಕೇಳುತ್ತಿದೆ. ಇದೇ ಎಲ್ಲಕ್ಕಿಂತ ತಲೆ ಕೆಡಿಸುವುದು. ಮೊದಲು ಉತ್ತರದಲ್ಲಿರುವ ಟಿಟಿಎಲ್ ನೋಡಿ. ಹೆಸರು ಒಂದೇ ಆದರೂ ಇದು ಐಪಿ ಹೆಡರ್‌ನ ಟಿಟಿಎಲ್ ಅಲ್ಲ, ಈ ಉತ್ತರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಎಂಬ ಅಂಕಿ. ಕ್ಲೌಡ್ ಸೇವೆಗಳು 60 ಸೆಕೆಂಡ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಕೊಡುತ್ತವೆ. ಟಿಟಿಎಲ್ 3600 ಇದ್ದರೂ ಎಪಿ ಪ್ರತಿ ಹತ್ತು ಸೆಕೆಂಡಿಗೆ ಕೇಳುತ್ತಿದ್ದರೆ ಅದರೊಳಗೆ ಕ್ಯಾಶ್ ಇಲ್ಲ ಅಂತ ಅರ್ಥ. ಚಿಕ್ಕ ಸಾಧನಗಳಲ್ಲಿ ಇದು ಮಾಮೂಲು. ಒಂದೊಂದು ಪ್ರೋಗ್ರಾಂ ಪ್ರತಿ ಸಲವೂ ಹೊಸದಾಗಿ ಕೇಳುತ್ತದೆ.

ಆಮೇಲೆ ಕ್ಯಾಪ್ಚರ್‌ನಲ್ಲಿ ಉತ್ತರದ ಮುಂದಿನ ಸಾಲು ನೋಡಿ. ಎಲ್ಲ ಪ್ಯಾಕೆಟ್ ಹಿಡಿಯಿರಿ ಅಂದದ್ದು ಇದಕ್ಕೇ. ಉತ್ತರ ಬಂದ ಕೂಡಲೇ ಎಪಿ ಆ ಐಪಿಯ 443 ಪೋರ್ಟಿಗೆ ಸಿನ್, ಅಂದರೆ ಸಂಪರ್ಕ ಶುರು ಮಾಡುವ ಮೊದಲ ಪ್ಯಾಕೆಟ್ ಕಳಿಸುತ್ತದೆ. ತಿರುಗಿ ಏನೂ ಬರುವುದಿಲ್ಲ. ಒಂದು ಸೆಕೆಂಡ್ ಬಿಟ್ಟು ಮತ್ತೆ ಸಿನ್, ಆಮೇಲೆ ಮತ್ತೊಂದು. ಕೊನೆಗೆ ಕೈಬಿಟ್ಟು ಮತ್ತೆ ಡಿಎನ್ಎಸ್ ಕೇಳುತ್ತದೆ, ಬೇರೆ ಐಪಿ ಸಿಕ್ಕೀತು ಅಂತ. ಇಲ್ಲಿ ಡಿಎನ್ಎಸ್‌ನಲ್ಲಿ ಏನೂ ತಪ್ಪಿಲ್ಲ. ಫೈರ್‌ವಾಲ್‌ನಲ್ಲಿ ಎಪಿಗಳ ವಿಲ್ಯಾನ್‌ಗೆ 443 ತೆರೆದಿಲ್ಲ, ಅಷ್ಟೇ. ಡಿಎನ್ಎಸ್ ಸರ್ವರ್ ಬಿಚ್ಚಿ ಜೋಡಿಸಿ ದಿನಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ. ಉತ್ತರ ಇದ್ದದ್ದು ಮುಂದಿನ ಸಾಲಿನಲ್ಲಿ.

ಸೆಕೆಂಡಿಗೆ 92: ಒಂದು ಪ್ರಕರಣ

ನಾನು ನೋಡಿಕೊಳ್ಳುತ್ತಿದ್ದ ಒಂದು ನೆಟ್‌ವರ್ಕ್‌ನಲ್ಲಿ 46 ಎಪಿಗಳಿದ್ದವು. ಎಲ್ಲವೂ ಬ್ರಿಡ್ಜ್ ಮೋಡ್. ಫರ್ಮ್‌ವೇರ್ (ಎಪಿಯೊಳಗಿನ ಸಾಫ್ಟ್‌ವೇರ್) ಹೊಸದು ಹಾಕಿ ಒಂದು ವಾರ ಆಗಿತ್ತು. ಡಿಎನ್ಎಸ್ ಸರ್ವರಿನ ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ಬಂತು. ತುಂಬಿಸಿದ್ದು ಕ್ವೆರಿ ಲಾಗ್. ಲೆಕ್ಕ ಹಾಕಿದರೆ ಎಪಿಗಳಿಂದಲೇ ಸೆಕೆಂಡಿಗೆ 92 ಕ್ವೆರಿ, ದಿನಕ್ಕೆ 79 ಲಕ್ಷಕ್ಕೂ ಜಾಸ್ತಿ. ಗ್ರಾಫ್ ಹಗ್ಗ ಎಳೆದು ಕಟ್ಟಿದಷ್ಟು ನೇರ.

46 ಎಪಿ, 92 ಕ್ವೆರಿ. ಒಂದಕ್ಕೆ ಎರಡು, ಪ್ರತಿ ಸೆಕೆಂಡ್. ಒಂದು ಎಪಿಯ ಕ್ಯಾಪ್ಚರ್ ತೆರೆದಾಗ ಕಂಡದ್ದು ಹೀಗಿತ್ತು. ಎ ಅಂದರೆ ಐಪಿವಿ4 ವಿಳಾಸ, ಎಎಎಎ ಅಂದರೆ ಐಪಿವಿ6 ವಿಳಾಸ.

10:14:02.118  ಎಪಿ ಕೇಳಿದ್ದು: ಲಾಗ್.ವೈಫೈ.ಇಂಟರ್ನಲ್, ಎ
10:14:02.118  ಎಪಿ ಕೇಳಿದ್ದು: ಲಾಗ್.ವೈಫೈ.ಇಂಟರ್ನಲ್, ಎಎಎಎ
10:14:02.119  ಸರ್ವರ್: ಎ, ನೋಎರರ್, 10.20.0.9
10:14:02.119  ಸರ್ವರ್: ಎಎಎಎ, ಎನ್ಎಕ್ಸ್‌ಡೊಮೇನ್
10:14:03.121  ಎಪಿ ಕೇಳಿದ್ದು: ಲಾಗ್.ವೈಫೈ.ಇಂಟರ್ನಲ್, ಎ

ಮತ್ತೆ ಅದೇ. ಉತ್ತರ ಬರುತ್ತಿದೆ, 10.20.0.9 ಸರಿಯಾದ ಐಪಿಯೇ, ಅದು ನಮ್ಮ ಲಾಗ್ ಸರ್ವರ್. ಆದರೆ ಕ್ಯಾಪ್ಚರ್‌ನಲ್ಲಿ ಆ ಐಪಿಗೆ ಒಂದೇ ಒಂದು ಪ್ಯಾಕೆಟ್ ಹೋಗಿಲ್ಲ. ಎಪಿ ಉತ್ತರ ತೆಗೆದುಕೊಂಡು ಸುಮ್ಮನೆ ಕೂರುತ್ತಿದೆ.

ಆವತ್ತು ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಸರ್ವರ್ ನಿಧಾನ ಇರಬೇಕು ಎಂದುಕೊಂಡು ಡಿಎಚ್‌ಸಿಪಿಯಲ್ಲಿ ಎರಡನೇ ಡಿಎನ್ಎಸ್ ಸರ್ವರ್ ಸೇರಿಸಿದೆ. ಎಪಿಗಳು ಲೀಸ್ ಹೊಸದು ಮಾಡಿಕೊಳ್ಳುತ್ತಿದ್ದಂತೆ ಗೆರೆ ಮೇಲೇರಿ 184ರಲ್ಲಿ ನಿಂತಿತು. ಸರಿಯಾಗಿ ಎರಡು ಪಟ್ಟು. ಸುಳಿವು ಸಿಕ್ಕಿದ್ದು ಅಲ್ಲೇ. ಜಿಲಿಬ್‌ಸಿ ಆಗಿದ್ದರೆ ಮೊದಲ ಸರ್ವರ್ ಉತ್ತರಿಸದಿದ್ದಾಗ ಮಾತ್ರ ಎರಡನೆಯದನ್ನು ಕೇಳುತ್ತಿತ್ತು. ಎಲ್ಲ ಸರ್ವರ್‌ಗಳಿಗೂ ಒಟ್ಟಿಗೇ ಕ್ವೆರಿ ಕಳಿಸಿ ಮೊದಲು ಬಂದ ಉತ್ತರ ತೆಗೆದುಕೊಳ್ಳುವುದು ಮಸಲ್ ಎಂಬ ಚಿಕ್ಕ ಸಿ ಲೈಬ್ರರಿಯ ರೀತಿ. ಎಂಬೆಡೆಡ್ ಲಿನಕ್ಸ್‌ನಲ್ಲಿ ಅದರ ಬಳಕೆ ಜಾಸ್ತಿ.

ಮಸಲ್‌ಗೆ ಇನ್ನೊಂದು ಗುಣ ಇದೆ. ಅದರ ಹೊಸ ಆವೃತ್ತಿಗಳಲ್ಲಿ ಎ ಮತ್ತು ಎಎಎಎ ಎರಡರಲ್ಲಿ ಒಂದಕ್ಕೆ ಎನ್ಎಕ್ಸ್‌ಡೊಮೇನ್ ಬಂದರೂ ಆ ಹೆಸರೇ ಇಲ್ಲ ಎಂದು ತೀರ್ಮಾನಿಸುತ್ತದೆ. ಇನ್ನೊಂದರಲ್ಲಿ ಐಪಿ ಬಂದಿದ್ದರೂ ಲೆಕ್ಕಕ್ಕಿಲ್ಲ. ಇದು ಲೈಬ್ರರಿಯ ಹಟ ಅಂತ ಮೊದಲು ಅನಿಸಿತು. ಯೋಚಿಸಿದರೆ ಅದರ ಮಾತು ಸರಿಯೇ. ಹೆಸರು ಇದ್ದು ಎಎಎಎ ರೆಕಾರ್ಡ್ ಮಾತ್ರ ಇಲ್ಲದಿದ್ದರೆ ಸರ್ವರ್ ಕೊಡಬೇಕಾದದ್ದು ನೋಎರರ್, ಒಳಗೆ ಖಾಲಿ. ಎನ್ಎಕ್ಸ್‌ಡೊಮೇನ್ ಅಂದರೆ ಆ ಹೆಸರಿನಲ್ಲಿ ಯಾವ ರೆಕಾರ್ಡೂ ಇಲ್ಲ ಎಂದರ್ಥ. ನಮ್ಮ ಸರ್ವರ್ ಒಂದೇ ಉಸಿರಿನಲ್ಲಿ ಇದೆ ಅಂತಲೂ ಇಲ್ಲ ಅಂತಲೂ ಹೇಳುತ್ತಿತ್ತು.

ಯಾಕೆ? ನಮ್ಮ ಸರ್ವರಿನಲ್ಲಿ ಓಡುತ್ತಿದ್ದ ರಿಸಾಲ್ವರ್ ಪ್ರೋಗ್ರಾಂ ಅನ್‌ಬೌಂಡ್. ಒಳಗಿನ ಹೆಸರುಗಳ ಲೋಕಲ್ ಝೋನ್‌ಗೆ ಟೈಪ್‌ಟ್ರಾನ್ಸ್‌ಪರೆಂಟ್ ಎಂದು ಹಾಕಿತ್ತು. ಆ ಬಗೆಯಲ್ಲಿ, ಕೇಳಿದ ರೆಕಾರ್ಡ್ ಲೋಕಲ್ ಆಗಿ ಇಲ್ಲದಿದ್ದರೆ ಪ್ರಶ್ನೆ ಹೊರಗೆ ಹೋಗುತ್ತದೆ. ಎ ರೆಕಾರ್ಡ್ ನಮ್ಮಲ್ಲಿತ್ತು, ಕೊಟ್ಟಿತು. ಎಎಎಎ ಇರಲಿಲ್ಲ, ಹೊರಗೆ ಕೇಳಿತು. ಇಂಟರ್ನಲ್ ಎಂಬ ಕೊನೆ ಹೊರಗಿನ ಡಿಎನ್ಎಸ್‌ನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ರೂಟ್ ಸರ್ವರ್‌ನಿಂದ ಎನ್ಎಕ್ಸ್‌ಡೊಮೇನ್ ಬಂತು. ಆ ಉತ್ತರವನ್ನು ಅನ್‌ಬೌಂಡ್ ಕ್ಯಾಶ್‌ನಲ್ಲಿ ಇಟ್ಟುಕೊಂಡಿತ್ತು, ಅದಕ್ಕೇ ಇಂಟರ್ನೆಟ್ ಕಡೆಯ ಗ್ರಾಫ್‌ನಲ್ಲಿ ಏನೂ ಕಾಣಲಿಲ್ಲ.

ಈ ತಪ್ಪು ವರ್ಷಗಟ್ಟಲೆ ಹಾಗೇ ಇತ್ತು. ಹಳೆಯ ಫರ್ಮ್‌ವೇರ್ ಅದನ್ನು ಲೆಕ್ಕಿಸಿರಲಿಲ್ಲ. ಹೊಸದು ಲೆಕ್ಕಿಸಿತು. ಎಪಿಯಲ್ಲಿ ಲಾಗ್ ಕಳಿಸುವ ಪ್ರೋಗ್ರಾಂ ಸೋತಾಗ ಒಂದು ಸೆಕೆಂಡ್ ಬಿಟ್ಟು ಮತ್ತೆ ಯತ್ನಿಸುತ್ತಿತ್ತು, ಅಂತರ ಹೆಚ್ಚಿಸುವ ಕ್ರಮ ಅದರಲ್ಲಿ ಇರಲಿಲ್ಲ. ಕಂಟ್ರೋಲರ್ ಐಪಿ ಆಪ್ಷನ್ 43ರಿಂದ ಬರುತ್ತಿದ್ದ ಕಾರಣ ವೈಫೈಗೆ ಏನೂ ಆಗಲಿಲ್ಲ. ಒಂದು ವಾರದಿಂದ ಎಪಿಗಳ ಲಾಗ್ ಬಂದೇ ಇಲ್ಲ ಎಂಬುದು ನಮಗೆ ಗೊತ್ತಾದದ್ದೂ ಈ ಹುಡುಕಾಟದಲ್ಲೇ.

ಝೋನ್ ಬಗೆಯನ್ನು ಸ್ಟ್ಯಾಟಿಕ್ ಮಾಡಿ ಅನ್‌ಬೌಂಡ್ ರೀಲೋಡ್ ಮಾಡಿದೆ. ಆ ಝೋನ್‌ನಲ್ಲಿ ಹೊರಗೆ ಕೇಳಬೇಕಾದ ಹೆಸರು ಒಂದೂ ಇರಲಿಲ್ಲ, ಹಾಗಾಗಿ ಸ್ಟ್ಯಾಟಿಕ್ ಸರಿಹೊಂದಿತು. ಎಎಎಎಗೆ ಈಗ ನೋಎರರ್, ಖಾಲಿ. ಎರಡನೇ ಸರ್ವರಿಗೂ ಅದೇ ಬದಲಾವಣೆ. ಕ್ಯಾಪ್ಚರ್ ತೆರೆದಿಟ್ಟುಕೊಂಡೇ ಕೂತಿದ್ದೆ. ಮುಂದಿನ ಸೆಕೆಂಡಿನಲ್ಲೇ 10.20.0.9ಕ್ಕೆ ಮೊದಲ ಪ್ಯಾಕೆಟ್ ಹೊರಟಿತು. ಆಮೇಲೆ ಉಳಿದದ್ದು ನಿಮಿಷಕ್ಕೊಮ್ಮೆ ಲಾಗ್ ಕಳಿಸುವಾಗಿನ ಒಂದು ಜೋಡಿ ಕ್ವೆರಿ, ಸರ್ವರ್ ಒಂದಕ್ಕೆ. ಒಂದೊಂದು ಸರ್ವರಿಗೂ ಸೆಕೆಂಡಿಗೆ 92 ಇದ್ದದ್ದು ನಿಮಿಷಕ್ಕೆ 92 ಆಯಿತು.

ಬೇರೆ ಕಾರಣಗಳು, ಚಿಕ್ಕದಾಗಿ

ಒಂದೇ ಹೆಸರು ಸಿಡಿಲಿನಂತೆ ಬಂದು ನಿಂತು, ಮತ್ತೆ ಬಂದರೆ ಫಾರ್ವರ್ಡಿಂಗ್ ಲೂಪ್ ಇದೆಯಾ ನೋಡಿ. ಎಪಿಯ ಪ್ರಾಕ್ಸಿ ರಿಸಾಲ್ವರನ್ನು ಕೇಳುತ್ತದೆ, ರಿಸಾಲ್ವರ್ ತಿರುಗಿ ಎಪಿಯನ್ನೇ ಕೇಳುತ್ತದೆ. ಡಿಎನ್ಎಸ್‌ಮಾಸ್ಕ್ ಇರುವ ಎಪಿಯಾದರೆ ಒಟ್ಟಿಗೆ ಬಾಕಿ ಇರಬಹುದಾದ ಕ್ವೆರಿಗಳ ಮಿತಿ 150 ಮುಟ್ಟಿತು ಎಂದು ಅದರ ಲಾಗ್‌ನಲ್ಲಿ ಬರೆದಿರುತ್ತದೆ. ಲೂಪ್ ಪತ್ತೆ ಮಾಡುವ ಆಯ್ಕೆಯೂ ಅದರಲ್ಲಿದೆ, ಆನ್ ಮಾಡಿಡಿ.

ಬರೀ ಪಿಟಿಆರ್ ಕ್ವೆರಿಗಳೇ ಬರುತ್ತಿದ್ದರೆ ಎಪಿ ತನ್ನ ಕ್ಲೈಂಟ್ ಪಟ್ಟಿಯಲ್ಲಿರುವ ಐಪಿಗಳಿಗೆ ಹೆಸರು ಹುಡುಕುತ್ತಿದೆ. ಆ ಸೌಲಭ್ಯ ಬೇಡವಾದರೆ ಆಫ್ ಮಾಡಿ. ಬೇಕಾದರೆ ನಿಮ್ಮ ಖಾಸಗಿ ಐಪಿಗಳ ರಿವರ್ಸ್ ಝೋನ್ ನಿಮ್ಮ ಸರ್ವರ್‌ನಲ್ಲೇ ಇರಲಿ.

ಗೆಸ್ಟ್ ಪೋರ್ಟಲ್‌ನಲ್ಲಿ ಲಾಗಿನ್‌ಗೆ ಮೊದಲೇ ಬಿಡಬೇಕಾದ ಸೈಟ್‌ಗಳ ಪಟ್ಟಿ ಇರುತ್ತದಲ್ವಾ, ಅದರಲ್ಲಿ ಹೆಸರುಗಳು ಜಾಸ್ತಿ ಇದ್ದರೆ ಎಪಿ ಪ್ರತಿಯೊಂದರ ಐಪಿಯನ್ನೂ ಆಗಾಗ ಕೇಳುತ್ತಿರಬೇಕಾಗುತ್ತದೆ. ಪಟ್ಟಿ ಚಿಕ್ಕದು ಮಾಡಿ.

ಒಂದೇ ಡೊಮೇನ್‌ನ ಮುಂದೆ ಪ್ರತಿ ಸಲ ಬೇರೆ ಬೇರೆ ಅರ್ಥವಿಲ್ಲದ ಅಕ್ಷರಗಳು ಕಂಡರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಎಪಿಯ ಪೋರ್ಟ್ 53 ಹೊರಗಿನಿಂದ ತೆರೆದಿದ್ದು ಯಾರೋ ಅದನ್ನು ದಾಳಿಗೆ ಬಳಸುತ್ತಿರಬಹುದು. ಹೆಸರಿನ ಒಂದೊಂದು ಭಾಗವೂ 63 ಅಕ್ಷರದ ಮಿತಿಗೆ ಹತ್ತಿರ ಇದ್ದು, ಟಿಎಕ್ಸ್‌ಟಿ (ಪಠ್ಯದ) ರೆಕಾರ್ಡ್‌ಗಳನ್ನೇ ಕೇಳುತ್ತಿದ್ದರೆ ಡಿಎನ್ಎಸ್ ಮೂಲಕ ಡೇಟಾ ಸಾಗಿಸುವ ಸಂಶಯ. ಆ ಎಪಿಯನ್ನು ನೆಟ್‌ವರ್ಕ್‌ನಿಂದ ಬಿಡಿಸಿಟ್ಟು, ಆಮೇಲೆ ಮುಂದಿನ ಮಾತು.

ಮಾಡಬಾರದ್ದು

ಎಪಿಯ ಕ್ವೆರಿಯನ್ನು ಫೈರ್‌ವಾಲ್‌ನಲ್ಲಿ ಸುಮ್ನೆ ಡ್ರಾಪ್ ಮಾಡಬೇಡಿ. ಉತ್ತರ ಸಿಗದ ಸಾಧನ ಸುಮ್ಮನಾಗುತ್ತದೆ ಎಂಬುದು ಎಷ್ಟೋ ಸಲ ಸುಳ್ಳಾಗಿದೆ. 2003ರಲ್ಲಿ ಒಂದು ವಿಷಯ ಬೆಳಕಿಗೆ ಬಂತು. ಮನೆ ಬಳಕೆಯ ಒಂದು ಬಗೆಯ ರೌಟರ್‌ಗಳ ಫರ್ಮ್‌ವೇರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಎನ್‌ಟಿಪಿ ಸರ್ವರಿನ ಐಪಿಯನ್ನೇ ಬರೆದಿಟ್ಟಿದ್ದರು. ಉತ್ತರ ಬರದಿದ್ದರೆ ಆ ರೌಟರ್ ಪ್ರತಿ ಸೆಕೆಂಡ್ ಮತ್ತೆ ಕೇಳುತ್ತಿತ್ತು. ವಿಶ್ವವಿದ್ಯಾಲಯ ಪ್ಯಾಕೆಟ್ ತಡೆದ ಮೇಲೂ ಪ್ರವಾಹ ಇಳಿಯಲಿಲ್ಲ, ಹೆಚ್ಚಿತು. ಅದು ಎನ್‌ಟಿಪಿ, ಇದು ಡಿಎನ್ಎಸ್. ಆದರೆ ಪುನಃ ಯತ್ನಿಸುವ ಲೂಪ್ ಎರಡಕ್ಕೂ ಒಂದೇ.

ಫೈರ್‌ವಾಲ್ ಈಗಲೇ ಕುಸಿಯುತ್ತಿದೆ, ಮೂಲ ಹುಡುಕಲು ಸಮಯವಿಲ್ಲ ಅಂತಾದರೆ ಎಪಿಗಳ ವಿಲ್ಯಾನ್‌ನಲ್ಲೇ ಒಂದು ಚಿಕ್ಕ ಕ್ಯಾಶಿಂಗ್ ರಿಸಾಲ್ವರ್ ಇಟ್ಟು ಡಿಎಚ್‌ಸಿಪಿಯಲ್ಲಿ ಅದನ್ನು ಕೊಡಿ. ಕ್ವೆರಿ ಕಡಿಮೆಯಾಗುವುದಿಲ್ಲ, ಆದರೆ ಫೈರ್‌ವಾಲ್ ದಾಟುವುದು ನಿಲ್ಲುತ್ತದೆ. ಹುಡುಕಲು ನಿಮಗೆ ಉಸಿರಾಡುವಷ್ಟು ಸಮಯ ಸಿಗುತ್ತದೆ. ಎಲ್ಲ ಎಪಿಗಳನ್ನೂ ಒಟ್ಟಿಗೇ ರೀಬೂಟ್ ಮಾಡುವುದಂತೂ ಬೇಡವೇ ಬೇಡ. ಏಳುವಾಗ ಎಲ್ಲವೂ ಒಟ್ಟಿಗೇ ಕೇಳುತ್ತವೆ, ಜೊತೆಗೆ ಕ್ಯಾಪ್ಚರ್‌ನಲ್ಲಿ ಸಿಗಬಹುದಾಗಿದ್ದ ಲೂಪ್‌ನ ಸ್ಥಿತಿಯೂ ಅಳಿಸಿಹೋಗುತ್ತದೆ.

ಸರಿಯಾಯಿತೇ ಎಂದು ನೋಡುವುದು

ಮೊದಲು ಯಾವ ಎಪಿಯಲ್ಲಿ, ಎಷ್ಟು ಹೊತ್ತು ಎಣಿಸಿದಿರೋ ಈಗಲೂ ಹಾಗೇ ಎಣಿಸಿ. ಆಮೇಲೆ ಒಂದು ಎಪಿಯ ಕರೆಂಟ್ ತೆಗೆದು ಹಾಕಿ. ಎದ್ದ ಮೊದಲ ಕೆಲವು ನಿಮಿಷ ಕ್ವೆರಿ ಹೆಚ್ಚೇ ಇರುತ್ತದೆ, ಅದು ಸಹಜ. ಇಳಿದು ಒಂದು ಮಟ್ಟದಲ್ಲಿ ನಿಲ್ಲಬೇಕು. ಕ್ಲೈಂಟ್ ಇಲ್ಲದ ಎಪಿಯೊಂದು ಗಂಟೆಗೆ ಎಷ್ಟು ಕೇಳುತ್ತದೆ ಎಂಬ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಫರ್ಮ್‌ವೇರ್ ಹಾಕಿದ ದಿನ ಹೋಲಿಸಲು ಅದೇ ಬೇಕು. ಹೊಸ ಫರ್ಮ್‌ವೇರನ್ನು ಮೊದಲು ಒಂದೇ ಎಪಿಗೆ ಹಾಕಿ, ಒಂದು ದಿನ ಬಿಟ್ಟು ಆ ಅಂಕಿ ನೋಡಿ, ಆಮೇಲೆ ಉಳಿದವಕ್ಕೆ ಹೋಗಿ.

ತಪ್ಪು ಎಪಿಯ ಸಾಫ್ಟ್‌ವೇರ್‌ನಲ್ಲೇ ಇದ್ದರೆ ತಯಾರಕರಿಗೆ ಬರೆಯಬೇಕಾಗುತ್ತದೆ. ಡಿಎನ್ಎಸ್ ಜಾಸ್ತಿ ಬರುತ್ತಿದೆ ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಫರ್ಮ್‌ವೇರ್ ಆವೃತ್ತಿ, ಕೇಳುತ್ತಿರುವ ಹೆಸರು, ಬರುತ್ತಿರುವ ಉತ್ತರ, ಎಷ್ಟು ಸೆಕೆಂಡಿಗೊಮ್ಮೆ, ಹತ್ತು ನಿಮಿಷದ ಕ್ಯಾಪ್ಚರ್, ಇಷ್ಟೂ ಮೊದಲ ಪತ್ರದಲ್ಲೇ ಇರಲಿ. ಕ್ಯಾಪ್ಚರ್ ಕಳಿಸುವ ಮೊದಲು ಕ್ಲೈಂಟ್‌ಗಳ ಕ್ವೆರಿಗಳನ್ನು ಶೋಧಿಸಿ ತೆಗೆಯಿರಿ. ನ್ಯಾಟ್ ಎಪಿಯ ಕ್ಯಾಪ್ಚರ್‌ನಲ್ಲಿ ಜನರು ಯಾವ ಯಾವ ಸೈಟ್ ನೋಡಿದರು ಎಂಬುದೆಲ್ಲ ಇರುತ್ತದೆ, ಅದು ಹೊರಗೆ ಹೋಗಬಾರದು.